ನಮ್ಮ ಮಾಮಾನ ಕೀಲಿಮಣೆ

ನಮ್ಮ ಮಾಮಾ ಕಂಪ್ಯೂಟರ್ ಕಲಿತರು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಂಪ್ಯೂಟರೇ ನಮ್ಮ ಮಾಮಾನನ್ನು ಕಲಿಯಿತು! ಅದೂ ಸುಲಭಕ್ಕಲ್ಲ. ಹಲವು ಸಲ ಫೇಲಾಗಿ, ನಡುವೆ ರಿಪೇರಿಗೂ ಹೋಗಿ ಬಂದು, ಕೊನೆಗೆ ಹೇಗೋ ಜಸ್ಟ್ ಪಾಸಾಯಿತು.

ಮಾಮಾ ಅಂದರೆ ನನ್ನ ತಾಯಿಯ ಅಣ್ಣ. ಕಮಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರು. ಮನೆ ಕಲಬುರಗಿಯ ಐವಾನ್-ಎ-ಶಾಹಿಯಲ್ಲಿ. ನಾನು ಕಾಲೇಜಿಗೆಂದು ಅವರಲ್ಲೇ ಇದ್ದೆ. ಆಗಿನ್ನೂ ಸರ್ಕಾರದ ಲೆಕ್ಕದಲ್ಲಿ ನಮ್ಮೂರು ಗುಲ್ಬರ್ಗ. ಆದರೆ ಸಂಜೆ ಕಮಲಾಪುರದಲ್ಲಿ ಕಂಡಕ್ಟರ್ "ಗುಲ್ಬರ್ಗಾ, ಗುಲ್ಬರ್ಗಾ" ಎಂದು ಕೂಗಿದರೆ ಮಾಮಾ ಬಸ್ ಹತ್ತುತ್ತಿರಲಿಲ್ಲ. "ಕಲಬುರಗಿ ಅನ್ನು, ಹತ್ತತೀನಿ" ಎನ್ನುತ್ತಿದ್ದರು. ಬಸ್ಸು ಅವರನ್ನು ಬಿಟ್ಟೇ ಹೋದದ್ದೂ ಉಂಟು!

ಇಂಥವರಿಗೆ ಒಂದು ದಿನ ಇಲಾಖೆಯ ಆದೇಶ ಬಂತು. ಭಾಷಾ ಶಿಕ್ಷಕರೆಲ್ಲ ಕಂಪ್ಯೂಟರ್ ಕಲಿತು ತಮ್ಮ ಪ್ರಶ್ನೆಪತ್ರಿಕೆಗಳನ್ನು ತಾವೇ ಟೈಪ್ ಮಾಡಬೇಕಂತೆ. ಶಾಲೆಯ ಏಕೈಕ ಕಂಪ್ಯೂಟರು ಹೆಡ್ಮಾಸ್ತರರ ಕೋಣೆಯಲ್ಲಿ ಹೂವಿನ ಚಾದರ ಹೊದ್ದು ಮಲಗಿತ್ತು. ಮುಟ್ಟಿದರೆ ಕೆಟ್ಟೀತೆಂದು ಯಾರೂ ಎಬ್ಬಿಸಿರಲಿಲ್ಲ. ಮಾಮಾ ಒಲ್ಲೆ ಎಂದರು. "ಹಂಗಾದ್ರ ನಿಮ್ಮ ಪೇಪರ್ ಗಣಿತದ ಮಾಸ್ತರ್ರು ಟೈಪ್ ಮಾಡ್ತಾರ" ಎಂದರು ಹೆಡ್ಮಾಸ್ತರು.

ಅಂದು ರಾತ್ರಿ ಊಟಕ್ಕೆ ಕೂತ ಮಾಮಾ ತುತ್ತು ಎತ್ತಲಿಲ್ಲ. "ಅವ್ರಿಗಿ ಅಲ್ಪಪ್ರಾಣ ಯಾವ್ದು, ಮಹಾಪ್ರಾಣ ಯಾವ್ದು ತಿಳ್ಯಂಗಿಲ್ಲ. ನನ್ನ ಪ್ರಾಣಾನೇ ತಗೀತಾರ!"

"ಅದಕ್ಕಿಂತ ಹೋಗಿ ಕಲ್ಕೊಂಡು ಬರ್ರಿ" ಎಂದರು ಮಾಮಿ, ಸಾರು ಬಡಿಸುತ್ತ.

ಹೋದರು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ತರಬೇತಿ. ಕಲಿಸುವವರು ಒಬ್ಬ ಮೇಡಂ. ಮಾಮಾ ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಹೋದವರೇ ಪರೀಕ್ಷೆ ಶುರು ಮಾಡಿದರು. ಕಂಪ್ಯೂಟರಿಗೆ!

"ಈ ಮಷೀನಿಗಿ ಒತ್ತಕ್ಷರ ಬರ್ತಾವೇನ್ರೀ?"

"ಬರ್ತಾವ ಸರ್."

"ಅರ್ಕಾವೊತ್ತು?"

ಮೇಡಂ 'ಧರ್ಮ' ಎಂದು ಟೈಪ್ ಮಾಡಿ ತೋರಿಸಿದರು. ಧ ಆದ ಮೇಲೆ ಮೊದಲು ರ ಒತ್ತಿದರು, ಆಮೇಲೆ ಮ. ಪರದೆಯ ಮೇಲೆ ರಕಾರ ತಾನಾಗಿ ಹಿಂದೆ ಸರಿದು ಅರ್ಕಾವೊತ್ತಾಗಿ ಕೂತಿತು. ಮಾಮಾ ಕುರ್ಚಿಯಿಂದ ಎದ್ದು ನಿಂತರು. "ಹೇಳಾಗ ಮುಂದ, ಬರಿಯಾಗ ಹಿಂದ! ಇದಕ್ಕ ಗೊತ್ತದರೀ!" ಕಮಲಾಪುರದ ಎಷ್ಟೋ ತಲೆಮಾರುಗಳಿಗೆ ತಿಳಿಯದೇ ಹೋದದ್ದು ಈ ಡಬ್ಬಿಗೆ ತಿಳಿದಿದೆ! ಅಂದಿನಿಂದ ಅದು ಅವರ ಮೆಚ್ಚಿನ ವಿದ್ಯಾರ್ಥಿ. ಮಾರನೆಯ ವಾರ ಮೇಡಮ್ಮಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಹೋಯಿತು. ಕಂಪ್ಯೂಟರಿಗೂ ಒಂದು ಹಣ್ಣು ಇಟ್ಟರೆಂದು ಕೇಳಿದ್ದೇನೆ. ಅದು ತಿಂದಿತೋ ಇಲ್ಲವೋ ಗೊತ್ತಿಲ್ಲ.

ಅಕ್ಷರಗಳ ಜಾಗ ನೆನಪಿರಲೆಂದು ಬಸ್ಸಿನಲ್ಲೂ ಅಭ್ಯಾಸ ನಡೆಯಿತು. ತೊಡೆಯ ಮೇಲೆ ಚೀಲ, ಚೀಲದ ಮೇಲೆ ಹತ್ತೂ ಬೆರಳು, ಕಣ್ಣು ಮುಚ್ಚಿ ತುಟಿಯಲ್ಲಿ ಕ ಖ ಗ ಘ. ಮಹಾಗಾಂವದಲ್ಲಿ ಹತ್ತಿದ ರೈತರೊಬ್ಬರು ತೊಗರಿ ಚೀಲ ಕೆಳಗಿಟ್ಟು ಬಹಳ ಹೊತ್ತು ನೋಡಿದರಂತೆ.

"ಮಾಸ್ತರ್ರ, ಪೆಟಗಿ ಕಲೀಲಾಕತ್ತೀರೇನ್ರಿ?"

"ಏನಂದ್ರಿ?"

"ಹಾರ್ಮೋನಿಯಂ ಅಂದೆ. ನಮ್ಮೂರ ಭಜನಿಗಿ ಬಾರಸಾವ್ರು ಯಾರೂ ಇಲ್ಲ. ಸೋಮವಾರ ಬರ್ರಿ!"

ಬೆರಳುಗಳೇನೋ ಪಳಗಿದವು. ಆದರೆ ಅಳಿಸುವ ಕೀಲಿ ಇದೆಯಲ್ಲ, ಅದನ್ನು ಮಾತ್ರ ಮಾಮಾ ಮುಟ್ಟಲಿಲ್ಲ. "ತಪ್ಪು ಕಣ್ಣಿಗಿ ಕಾಣಬೇಕು. ಅಳಿಸಿಬಿಟ್ರ ಯಾರು ಏನು ಕಲೀತಾರ?" ಎನ್ನುವುದು ಅವರ ವಾದ. ತಪ್ಪಾದ ಕಡೆ 'ಅಲ್ಲ' ಎಂದು ಟೈಪ್ ಮಾಡಿ, ಮುಂದೆ ಸರಿಯಾದದ್ದನ್ನು ಹಾಕುತ್ತಿದ್ದರು. ಹೀಗಾಗಿ ಅವರ ಮೊದಲ ಪ್ರಶ್ನೆಪತ್ರಿಕೆ ಶುರುವಾದದ್ದು ಹೀಗೆ: 'ಕೆಳಗಿನ ಪ್ರಸ್ನೆ ಅಲ್ಲ ಪ್ರಶ್ನೆಗಳಿಗೆ ಒಂದು ಅಲ್ಲ ಎರಡು ವಾಕ್ಯಗಳಲ್ಲಿ ಉತ್ತರಿಸಿ.' ಕಮಲಾಪುರದ ಮಕ್ಕಳೇನು ಕಡಿಮೆಯೇ? ಒಬ್ಬಳು 'ಸೂರ್ಯ ಎಂದರೆ ಚಂದ್ರ ಅಲ್ಲ ರವಿ' ಎಂದು ಬರೆದಳು. ಮಾಮಾ ಪೂರ್ತಿ ಅಂಕ ಕೊಟ್ಟರು. ಕೊಡದೆ ಏನು ಮಾಡುತ್ತಾರೆ, ಗುರುವಿನ ದಾರಿಯಲ್ಲೇ ನಡೆದಿದ್ದಾಳಲ್ಲ! ಮರುದಿನವೇ ಅಳಿಸುವ ಕೀಲಿಯ ಜೊತೆ ರಾಜಿಯಾಯಿತು.

ಇನ್ನೊಮ್ಮೆ ಶಾಲೆಯಲ್ಲಿ ಇಡೀ ವಾರ್ಷಿಕ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಮೀಸೆ ತಿರುವುವಷ್ಟರಲ್ಲಿ ಕರೆಂಟು ಹೋಯಿತು. ಬಂತು. ಆದರೆ ಪ್ರಶ್ನೆಗಳು ಬರಲಿಲ್ಲ. ಸಂಜೆ ಬಸ್ಸಿಳಿದವರೇ ಮಾಮಾ ಸೂಪರ್ ಮಾರ್ಕೆಟ್ಟಿಗೆ ಓಡಿದರು.

"ಸೇವ್ ಮಾಡಿದ್ರೇನು ಸರ್?" ಎಂದರು ಮೇಡಂ.

"ಸೇವಾ? ನೌಕರಿಗಿ ಸೇರಿದಾಗಿಂದ ಅದನ್ನೇ ಮಾಡ್ಕೋತ ಬಂದೀನಲ್ಲ, ತಾಯಿ!"

ಇಷ್ಟೆಲ್ಲ ಆದ ಮೇಲೆ ಮನೆಗೇ ಒಂದು ಹಳೆಯ ಕಂಪ್ಯೂಟರ್ ಬಂತು. ಆಟೋದಲ್ಲಿ ಅದನ್ನು ಬಾಣಂತಿ ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಪ್ರತಿ ಗುಂಡಿಗೂ "ಆಹಿಸ್ತಾ ಭಾಯಿ, ಆಹಿಸ್ತಾ" ಎನ್ನುತ್ತ ಮಾಮಾ ಬಂದರು. ಬಾಗಿಲಲ್ಲಿ ನಿಂತ ಮಾಮಿ, "ಈ ವಯಸ್ಸಿನಾಗ ಸವತಿ ತಂದ್ರೇನ್ರೀ?" ಎಂದರು. ಆದರೂ ಸವತಿಯ ಮೇಲೆ ಧೂಳು ಕೂರದಿರಲೆಂದು ಕ್ರೋಶಾದ ಹೊದಿಕೆ ಹೆಣೆದವರೂ ಅವರೇ.

ಹೀಗೆ ನಗುತ್ತ ನಡೆದಿದ್ದಾಗ ಮಾಮಾನ ಗಂಟಲು ಕೈಕೊಟ್ಟಿತು. ಬಹಳ ವರ್ಷ ತರಗತಿಯಲ್ಲಿ ಕೂಗಿದ ಗಂಟಲು. ಡಾಕ್ಟರು ನೋಡಿ, ಕೆಲವು ವಾರ ಒಂದು ಮಾತೂ ಆಡಕೂಡದು ಎಂದರು. ಪಿಸುಮಾತೂ ಬೇಡ.

ಮಾಮಾನ ದನಿಯಿಲ್ಲದ ಮನೆ ಹೇಗಿತ್ತೆಂದು ಏನು ಹೇಳಲಿ! ಗಡಿಯಾರದ ಸದ್ದು ಕೇಳಿಸಿದ್ದು ಆಗಲೇ. ಎಲ್ಲರಿಗಿಂತ ಕಷ್ಟವಾದದ್ದು ಮಾಮಿಗೆ. ಅವರ ತವರು ಸೊಲ್ಲಾಪುರದ ಕಡೆ, ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡವನ್ನು ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು, ಆದರೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಮಾಮಾ ಕಲಿಸಲು ಕೂತಿದ್ದರಂತೆ. "ಪಾಟಿ ಹಿಡದ್ರ ನೀವು ಗಂಡ ಇರಂಗಿಲ್ಲ, ಮಾಸ್ತರ್ ಆಗ್ತೀರಿ" ಎಂದು ಮಾಮಿ ಎದ್ದುಬಿಟ್ಟರಂತೆ. ಅಂದಿನಿಂದ ಪೇಪರಾಗಲಿ ಕಥೆಯಾಗಲಿ, ಊಟವಾದ ಮೇಲೆ ಮಾಮಾ ಓದುವುದು, ಮಾಮಿ ಕೇಳುವುದು. ಈಗ ಓದುವವರೇ ಮೌನ. ನಾನು ಓದುತ್ತೇನೆಂದರೆ ಮಾಮಿ, "ಬ್ಯಾಡ ಬಿಡು, ಅವ್ರು ಓದಿದ್ಹಂಗ ಆಗಂಗಿಲ್ಲ" ಎಂದರು.

ಹಾಗಾದರೆ ಮಾಮಾ ಕನ್ನಡವನ್ನೇ ಮರಾಠಿ ಲಿಪಿಯಲ್ಲಿ ಬರೆದುಕೊಡಬಹುದಿತ್ತಲ್ಲ? ಅವರಿಗೆ ಆ ಅಕ್ಷರ ಬರುತ್ತಿತ್ತು. ಆದರೆ ಕನ್ನಡಕ್ಕೆ ಬೇರೆ ಲಿಪಿ ತೊಡಿಸುವುದೆಂದರೆ ಅವರಿಗೆ ಮೈಲಿಗೆ. ಮಕ್ಕಳು ಹಾಗೆ ಬರೆದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವರು.

ಒಂದು ಸಂಜೆ ನಾನು ಕಾಲೇಜಿನಿಂದ ಬಂದಾಗ ಮಾಮಾ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ತುಂಬ ಕನ್ನಡ. ಚಪ್ಪಾಳೆ ತಟ್ಟಿ ಮಾಮಿಯನ್ನು ಕರೆದು ಕುರ್ಚಿ ಬಿಟ್ಟುಕೊಟ್ಟರು. ಮಾಮಾನ ಬೆರಳು ಒಂದು ಕೀಲಿಯ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಒತ್ತಿದರು. ಅಷ್ಟೂ ಸಾಲುಗಳು ಒಮ್ಮೆಲೇ ಮರಾಠಿ ಅಕ್ಷರಗಳಾದವು; ಲಿಪಿ ಬದಲಿಸುವ ಆ ಕೀಲಿಯನ್ನು ಮೇಡಂ ಎಂದೋ ತೋರಿಸಿಕೊಟ್ಟಿದ್ದರಂತೆ. ಮಾತು ಮಾತ್ರ ಕನ್ನಡವೇ.

ಮಾಮಿ ಕನ್ನಡಕ ಏರಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿದರು. "ನಿ... ನ್ನಿ... ನಿನ್ನಿ ಸಾರಿಗಿ ಉಪ್ಪು ಕಡಿಮಿ ಇತ್ತು." ಜನ್ಮದಲ್ಲಿ ಅವರು ತಾವೇ ಓದಿದ ಮೊದಲ ಕನ್ನಡ ವಾಕ್ಯ ಅದು!

"ಖರೇನ್ರೀ? ನಿನ್ನೇನೇ ಹೇಳಬಾರ್ದಾ?" ಎಂದು ತಿರುಗಿದರು. ಮಾಮಾ ಗಂಟಲು ಮುಟ್ಟಿ ತೋರಿಸಿದರು. ಮಾಮಿ ನಕ್ಕರು, ಸೆರಗಿನಿಂದ ಕನ್ನಡಕದ ಒಳಗೆ ಒರೆಸಿಕೊಂಡರು, ಮತ್ತೆ ಪರದೆಗೆ ಬಾಗಿದರು. ಈಗ ದನಿಯಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಮುಂದೇನು ಬರೆದಿತ್ತೋ ನಾನು ನೋಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾಮಾ ಪುಟ ಸರಿಸಲು ಕೈ ಚಾಚಿದರು. ಮಾಮಿ ಆ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು.

"ತಡೀರಿ," ಎಂದರು. "ಓದ್ಲಾಕತ್ತೀನಿ."