ಹೆಗಲ ಮೇಲಿನ ಅರ್ಧ ಗಂಟೆ

ಹಾಲು ಕಕ್ಕುವ ಮಗು ಇರುವ ಮನೆಗೆ ಟಿ.ವಿ. ಬೇಕಾಗಿಲ್ಲ. ದಿನಕ್ಕೊಂದು ಪ್ರಸಂಗ ತಾನಾಗಿಯೇ ನಡೆಯುತ್ತದೆ. ಅದನ್ನು ಒರೆಸಲು ಬಟ್ಟೆ ಹುಡುಕುವಷ್ಟರಲ್ಲಿ ಇನ್ನೊಂದು. ನನ್ನ ಮಗಳು ಮೊದಲ ತಿಂಗಳುಗಳಲ್ಲಿ ಕುಡಿದದ್ದರಲ್ಲಿ ಅರ್ಧ ತಾನಿಟ್ಟುಕೊಂಡು ಅರ್ಧ ನಮಗೆ ಹಂಚುತ್ತಿದ್ದಳು. ಕಕ್ಕಿದರೆ ಕೆಮ್ಮು, ಕೆಮ್ಮಿದರೆ ಅಳು, ಅತ್ತರೆ ನಿದ್ದೆ ಇಲ್ಲ. ಅವಳು ನೆಮ್ಮದಿಯಾಗಿ ಒಂದು ನಿದ್ದೆ ಮಾಡಲಿ, ಅಷ್ಟು ಸಾಕಾಗಿತ್ತು ನನಗೆ. ಕೊಡಿಗೆಹಳ್ಳಿಯ ನಮ್ಮ ಬೀದಿಯಲ್ಲಿ ಅದಕ್ಕೆ ಸಲಹೆ ಕೊಡದೆ ಉಳಿದದ್ದು ನಾಯಿಗಳು ಮಾತ್ರ.

೧. ಬರೆಯದ ಔಷಧಿ

ನಮ್ಮ ಅತ್ತೆಯದು ಒಂದೇ ಮಂತ್ರ. “ಆಲು ಕುಡ್ಸು, ತೊಟ್ಲಿಗ್ ಆಕು, ತೂಗು. ನನ್ ಮಕ್ಳನ್ನೆಲ್ಲ ಇಂಗೇ ಸಾಕಿದ್ದು.”

ಹಾಗೆ ಮಾಡಿದಾಗಲೆಲ್ಲ ತೊಟ್ಟಿಲಿನಿಂದ ಕಾರಂಜಿ ಚಿಮ್ಮುತ್ತಿತ್ತು. ಕೊನೆಗೆ ಸಹಕಾರನಗರದ ಮಕ್ಕಳ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ತೂಕ ನೋಡಿ ನಕ್ಕರು.

“ತೂಕ ಚೆನ್ನಾಗಿ ಏರ್ತಿದೆ, ಭಯ ಬೇಡ. ಸ್ವಲ್ಪ ಸ್ವಲ್ಪ ಕುಡಿಸಿ, ತೇಗಿಸಿ, ಅರ್ಧ ಗಂಟೆ ಹೆಗಲ ಮೇಲೆ ನೆಟ್ಟಗೆ ಎತ್ಕೊಳ್ಳಿ. ಆಮೇಲೆ ಅಂಗಾತ ಮಲಗಿಸಿ. ಕುಡಿದ ಕೂಡಲೇ ತೂಗಬೇಡಿ.”

“ಔಸ್ದಿ?” ಅಂದರು ಅತ್ತೆ.

“ಎತ್ಕೊಳ್ಳೋದೇ ಔಷಧಿ ಅಮ್ಮ.”

ಹೊರಗೆ ಬಂದದ್ದೇ ಅತ್ತೆ ಸಿಡಿದರು. “ಎತ್ಕೋ ಅಂತ ಏಳಕ್ಕೆ ಒಬ್ಳು ಡಾಕ್ಟ್ರು! ಅರ್ಧ ಗಂಟೆ ಅಂತೆ! ಇದೇನು ಮಗೂನ ಸಾಕೋದೋ, ಗಣೇಶನ್ ಮೆರವಣಿಗೆ ಮಾಡೋದೋ?”

“ಮೆರವಣಿಗೇನೇ ಅಂದ್ಕೊಳ್ಳಿ ಅತ್ತೆ. ಆದ್ರೆ ಗಣೇಶ ಯಾವತ್ತಾದ್ರೂ ನಿಮ್ಮ ಸೆರಗಿನ ಮೇಲೆ ಕಕ್ಕಿದಾನಾ?”

ಅತ್ತೆ ಮೆಲ್ಲಗೆ ಸೆರಗು ಮುಟ್ಟಿ ನೋಡಿಕೊಂಡರು. ಒದ್ದೆಯಾಗಿತ್ತು.

೨. ಜಾರುಬಂಡೆ

ನಮ್ಮನೆಯವರ ಅಕ್ಕ ಸಂಜಯನಗರದಲ್ಲಿ ಟೀಚರು. ನನ್ನ ಅತ್ತಿಗೆ. ಮಾತಿಗೆ ಮೊದಲು ಮೊಬೈಲ್ ತೆಗೆಯುವುದು ಅವರ ಅಭ್ಯಾಸ. ಒಂದು ಭಾನುವಾರ ಬಂದವರೇ ವಿಡಿಯೋ ತೋರಿಸಿ, “ತಲೆ ಎತ್ತರದಲ್ಲಿ ಇರ್ಬೇಕು ಕಣೇ. ದಿಂಬು ತಾ,” ಅಂದರು.

“ದಿಂಬು ಇಡಬಾರದು, ಮಗುಗೆ ಉಸಿರು ಕಟ್ಟುತ್ತೆ ಅಂತ ಡಾಕ್ಟರಮ್ಮ ಅಂದಿದಾರೆ ಅತ್ತಿಗೆ.”

“ಹತ್ತನೇ ಕ್ಲಾಸ್ ಓದಿದೋಳು ನನಗೆ ಪಾಠ ಹೇಳ್ತೀಯಾ?”

ಹೇಳುತ್ತಲೇ ನನ್ನ ದಿಂಬನ್ನು ಇಳಿಜಾರಾಗಿ ಇಟ್ಟು ಮಗುವನ್ನು ಮಲಗಿಸಿದರು. ನಾನು ಕೈ ಚಾಚಿಕೊಂಡೇ ನಿಂತಿದ್ದೆ. ಮಗಳು ಎರಡು ಸಲ ಕಾಲು ಒದ್ದಳು. ಸರ್ರನೆ ಕೆಳಗೆ ಜಾರಿ, ಮೈಯೆಲ್ಲ ಮುದುಡಿ, ಹೊಟ್ಟೆ ಒತ್ತಿಕೊಂಡು, ಕುಡಿದದ್ದನ್ನೆಲ್ಲ ಹೊರಕ್ಕೆ ಕಳಿಸಿದಳು. ಬಿದ್ದದ್ದು ಅತ್ತಿಗೆಯ ಮೊಬೈಲ್ ಮೇಲೆ. ವಿಡಿಯೋ ಇನ್ನೂ ಓಡುತ್ತಿತ್ತು.

ಮಗುವನ್ನು ಎತ್ತಿಕೊಂಡು ಹೇಳಿದೆ: “ಅವಳಿಗಿನ್ನೂ ಕತ್ತೇ ನಿಂತಿಲ್ಲ ಅತ್ತಿಗೆ. ಜಾರುಬಂಡೆ ಆಟಕ್ಕೆ ಯಾಕೆ ಅವಸರ?”

೩. ಪಾರಿವಾಳ

ನಮ್ಮನೆಯವರು ಕ್ಯಾಬ್ ಓಡಿಸುತ್ತಾರೆ. ಬೆಳಿಗ್ಗೆ ಹೊರಡುವ ಮೊದಲು ಮಗಳನ್ನು ತೇಗಿಸುವ ಕೆಲಸ ಅವರದು. ಮೊದಮೊದಲು ಪಂಕ್ಚರ್ ಆದ ಟೈರು ತಟ್ಟುವ ಹಾಗೆ ತಟ್ಟುತ್ತಿದ್ದರು. “ರೀ, ಅದು ಬೆನ್ನು, ಬಾನೆಟ್ ಅಲ್ಲ,” ಅಂತ ಬೈದ ಮೇಲೆ ಕೈ ಹದಕ್ಕೆ ಬಂತು. ಆದರೆ ಹೆಗಲಿಗೆ ಬಟ್ಟೆ ಹಾಕಿಕೊಳ್ಳುವುದು ಮಾತ್ರ ನೆನಪಾಗುತ್ತಿರಲಿಲ್ಲ. ಅವರ ಅಂಗಿಗಳಿಗೆಲ್ಲ ಎಡಭುಜದ ಮೇಲೆ ಬಿಳಿ ಕಲೆ.

ಒಂದು ದಿನ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ನಿಂತಾಗ, ಹಿಂದೆ ಕೂತಿದ್ದ ಸೂಟಿನ ಮನುಷ್ಯ ಟಿಶ್ಯೂ ಕಾಗದ ಚಾಚಿದರಂತೆ. “ಡ್ರೈವರ್, ನಿಮ್ಮ ಮೇಲೆ ಪಾರಿವಾಳ ಗಲೀಜು ಮಾಡಿದೆ.”

ನಮ್ಮನೆಯವರು ಎದೆ ಉಬ್ಬಿಸಿ, “ಪಾರಿವಾಳ ಅಲ್ಲ ಸಾರ್, ಮಗಳು. ಮೂರು ಸಲ ತೇಗಿದಳು ಇವತ್ತು!” ಅಂದರಂತೆ.

ಆ ಮನುಷ್ಯ ಟಿಶ್ಯೂ ವಾಪಸ್ ತೆಗೆದುಕೊಂಡು, ನಕ್ಕು ನಕ್ಕು ಕಣ್ಣು ಒರೆಸಿಕೊಂಡರಂತೆ. ಅವರ ಮನೆಯಲ್ಲೂ ಅಂಥದ್ದೊಂದು ಪಾರಿವಾಳ ಇತ್ತಂತೆ.

೪. ಗುಂಡಪ್ಪನ ತೂಕ

ಅಷ್ಟರಲ್ಲಿ ನನ್ನ ಅರ್ಧ ಗಂಟೆ ಕೆಲಸ ಮಾಡತೊಡಗಿತ್ತು. ಕುಡಿಸಿ, ತೇಗಿಸಿ, ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಂದ ಹಿತ್ತಲಿಗೆ ಓಡಾಡಿ, ಆಮೇಲೆ ಅಂಗಾತ ಮಲಗಿಸಿದರೆ ಮಗಳು ನಿದ್ದೆ ಹೋಗುತ್ತಿದ್ದಳು. ಕಕ್ಕುವುದು ಪೂರ್ತಿ ನಿಲ್ಲದಿದ್ದರೂ ಕೆಮ್ಮು, ಅಳು ಕಡಿಮೆಯಾಗಿತ್ತು. ಅತ್ತೆ ಮಾತ್ರ ಒಪ್ಪಲಿಲ್ಲ. “ನಾಮಕರಣದ ದಿನ ನೆಂಟರ ಮುಂದೆ ಇಂಗೆ ಎಗಲ ಮೇಲೆ ಆಕ್ಕೊಂಡ್ ತಿರುಗಿದ್ರೆ ನಮ್ ಮರ್ವಾದೆ ಏನಾಗ್ಬೇಕು?” ಅಂತ ಮೊದಲೇ ಎಚ್ಚರಿಸಿದ್ದರು.

ನಾಮಕರಣಕ್ಕೆ ತಾರಸಿಯಲ್ಲಿ ಶಾಮಿಯಾನ ಹಾಕಿತ್ತು. ನಮ್ಮಲ್ಲಿ ಮಗುವಿಗಿಂತ ಮೊದಲು ರುಬ್ಬುವ ಗುಂಡುಕಲ್ಲಿಗೆ ಬಟ್ಟೆ, ಟೋಪಿ ತೊಡಿಸಿ ತೊಟ್ಟಿಲಿಗೆ ಹಾಕಿ ತೂಗುತ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಅಂತ. ಅದಕ್ಕೆ ಗುಂಡಪ್ಪ ಅಂತಲೇ ಹೆಸರು. ಹೆಂಗಸರು ಸೋಬಾನೆ ಹಾಡುತ್ತಾ ಗುಂಡಪ್ಪನನ್ನು ತೂಗುತ್ತಿದ್ದಾಗ ಮಗಳು ಹಸಿದು ಅತ್ತಳು. ಒಳಗೆ ಹೋಗಿ ಕುಡಿಸಿಕೊಂಡು ಬಂದೆ. ಬಂದರೆ ಎಲ್ಲರೂ ತಯಾರು.

“ಕಲ್ಲು ತೆಗೀರಿ, ಮಗು ಮಲಗಿಸಮ್ಮ,” ಅಂದರು ಪುರೋಹಿತರು.

“ಈಗ ತಾನೇ ಕುಡಿದಿದಾಳೆ. ಅರ್ಧ ಗಂಟೆ ಮಲಗಿಸಲ್ಲ.”

ಅತ್ತಿಗೆ ಕಿವಿಯ ಹತ್ತಿರ ಬಂದು, “ಎಲ್ಲರ ಮುಂದೆ ಹಠ ಬೇಡ ಕಣೇ,” ಅಂದರು. ನಾನು ಮಗಳನ್ನು ಇನ್ನೂ ಗಟ್ಟಿಯಾಗಿ ಹಿಡಿದೆ. ಮಲಗಿಸಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಎಲ್ಲರೂ ಅತ್ತೆಯ ಮುಖ ನೋಡಿದರು.

ಅತ್ತೆ ಮೊಮ್ಮಗಳ ಮುಖ ನೋಡಿದರು. ನನ್ನ ಹೆಗಲಿಗೆ ಕೆನ್ನೆ ಒತ್ತಿ, ಬಾಯಿ ಅರ್ಧ ತೆರೆದು, ಅವಳು ಆಗಲೇ ತೂಕಡಿಸುತ್ತಿದ್ದಳು. ಅತ್ತೆ ಪುರೋಹಿತರ ಕಡೆ ತಿರುಗಿದರು. “ರಾವುಕಾಲಕ್ಕಿನ್ನೂ ಒತ್ತಿದೆ ಅಲ್ವಾ ಸ್ವಾಮಿ? ಅಲ್ಲೀವರ್ಗೂ ಕಲ್ಲನ್ನೇ ತೂಗ್ರೇ. ಅದು ಕಕ್ಕಲ್ಲ!”

ತೂಗಿದರು. ತೊಟ್ಟಿಲ ಹಾಡು ಮುಗಿಯಿತು, ಆರತಿ ಹಾಡು ಮುಗಿಯಿತು, ಕೊನೆಗೆ ಮದುವೆಯ ಬೀಗರ ಹಾಡೂ ಬಂತು. ಗುಂಡಪ್ಪ ಎಲ್ಲಕ್ಕೂ ಸುಮ್ಮನೆ ಮಲಗಿದ್ದ. ಆಗ ಬಂದರು ನಮ್ಮನೆಯವರ ದೊಡ್ಡಪ್ಪ, ಯಲಹಂಕದ ಬಿಲ್ಡರು. ತಡವಾಗಿ, ತಂಪು ಕನ್ನಡಕದಲ್ಲೇ. ನೇರ ತೊಟ್ಟಿಲಿಗೆ ಹೋಗಿ ಬಗ್ಗಿ ಚಿಟಿಕೆ ಹೊಡೆದರು.

“ಅಬ್ಬಬ್ಬಾ, ಎಂಥಾ ಶಾಂತ ಮಗು! ಏನಂದ್ರೂ ಅಲ್ಲಾಡಲ್ಲ. ಥೇಟ್ ಅವರಪ್ಪನೇ!”

ಹೆಂಗಸರು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಮ್ಮನೆಯವರಂತೂ ಅಲ್ಲಾಡಲೇ ಇಲ್ಲ. ದೊಡ್ಡಪ್ಪ ಆಶೀರ್ವಾದ ಮಾಡಲು ಎರಡೂ ಕೈ ಹಾಕಿ ಎತ್ತಲು ಹೋಗಿ, ಸೊಂಟ ಹಿಡಿದುಕೊಂಡು, “ಏನಮ್ಮಾ ಇದು ತೂಕ! ಕುಡಿದದ್ದೆಲ್ಲ ಕಕ್ಕುತ್ತೆ ಅಂತ ಯಾವನು ಹೇಳಿದ್ದು?” ಅಂದರು.

ಆ ನಗು ಮುಗಿಯುವ ಹೊತ್ತಿಗೆ ನನ್ನ ಅರ್ಧ ಗಂಟೆಯೂ ಮುಗಿದಿತ್ತು. ಗುಂಡಪ್ಪನನ್ನು ಎತ್ತಿ, ನಿದ್ದೆಯಲ್ಲಿದ್ದ ಮಗಳನ್ನು ಅಂಗಾತ ಮಲಗಿಸಿದೆ. ಅತ್ತಿಗೆ ಕಿವಿಯಲ್ಲಿ ಹೆಸರು ಹೇಳಿದರು. ಮಗಳು ಕಣ್ಣು ಬಿಡಲಿಲ್ಲ. ಒಂದು ಹನಿಯೂ ಕಕ್ಕಲಿಲ್ಲ. ನಾನು ತೊಟ್ಟಿಲ ಪಕ್ಕ ತಲೆ ಎತ್ತಿಕೊಂಡು ನಿಂತೆ.

ಊಟದ ಪಂಕ್ತಿಯಲ್ಲಿ ಅತ್ತೆ ಎಲೆಯಿಂದ ಎಲೆಗೆ ಹೋಗಿ ಹೋಳಿಗೆಯ ಜೊತೆ ಬುದ್ಧಿಮಾತೂ ಬಡಿಸುತ್ತಿದ್ದರು: “ಆಲು ಕುಡ್ಸಿದ್ ಮೇಲೆ ಅರ್ಧ ಗಂಟೆ ಎಗಲ ಮೇಲೆ ಆಕ್ಕೋಬೇಕು ಕಣ್ರೇ, ಆಗಲೇ ನಿದ್ದೆ. ಆ ಡಾಕ್ಟ್ರಮ್ಮಂಗೂ ನಾನೇ ಏಳ್ಕೊಟ್ಟಿದ್ದು!”