ಒಂಬತ್ತು ಗಿಗಾಬೈಟಿನ ಕಹ್ಕ್

ಅಲೆಕ್ಸಾಂಡ್ರಿಯಾದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಎಂಜಿನಿಯರ್ ವಗ್ದಿ ಎಂದರೆ ನಾನೇ! ಅರ್ಧ ಊರಿನ ‘ಹಲೋ’ ನನ್ನ ಕೈ ದಾಟಿ ಹೋಗಿದೆ. ಅಂಥವನು ಸ್ವಂತ ಮನೆಯಿಂದ ಒಂದು ವಿಡಿಯೊ ಕಳಿಸಲು ಇನ್ನೊಬ್ಬರ ಬಾಗಿಲು ತಟ್ಟುವುದೇ? “ಈ ಕೆಲಸ ನನಗೆ ಬಿಡು” ಎಂದು ಹೆಂಡತಿ ಶಹೀರಾಗೆ ಅಭಯಹಸ್ತ ತೋರಿಸಿದೆ.

ವಿಡಿಯೊ ಸಾಮಾನ್ಯದ್ದಲ್ಲ. ಈದ್ ಹಬ್ಬದ ಕಹ್ಕ್ ಬಿಸ್ಕತ್ತನ್ನು ಶಹೀರಾ ತನ್ನ ಅಜ್ಜಿಯ ಕೈಹದದಲ್ಲೇ ಮಾಡುತ್ತಾಳೆ. ಬಾಯಿಗಿಟ್ಟರೆ ಕರಗುತ್ತದೆ. ಊರಿನ ಟಿವಿ ಕಚೇರಿಯವರು ಹಬ್ಬದ ಕಾರ್ಯಕ್ರಮಕ್ಕೆ ಒಬ್ಬಳೇ ಒಬ್ಬ ಗೃಹಿಣಿಯನ್ನು ಆರಿಸುವವರಿದ್ದರು. ಇವಳ ಕಹ್ಕ್ ತಿಂದು ಒಪ್ಪಿಯೂ ಬಿಟ್ಟಿದ್ದರು. ವಿಡಿಯೊ ಮಾತ್ರ ಆ ದಿನ ಮಧ್ಯಾಹ್ನ ಎರಡು ಗಂಟೆಯೊಳಗೆ ತಲುಪಬೇಕು. ರಮದಾನಿನಲ್ಲಿ ಎರಡಕ್ಕೆ ಕಚೇರಿಯ ಬಾಗಿಲು ಹಾಕಿದರೆ ದೇವದೂತ ಬಂದರೂ ತೆಗೆಯುವುದಿಲ್ಲ. ತಪ್ಪಿದರೆ ಅವಕಾಶ ದಮನ್‌ಹೂರಿನ ಒಬ್ಬಾಕೆಗೆ ಹೋಗುತ್ತದೆ.

“ಅವಳು ತುಪ್ಪದ ಬದಲು ಎಣ್ಣೆ ಹಾಕ್ತಾಳೆ ರೀ! ಎಣ್ಣೆ!” ಎಂದು ಶಹೀರಾ ಕಣ್ಣಲ್ಲಿ ನೀರು ತಂದುಕೊಂಡಳು.

ಮದುವೆಗಳ ವಿಡಿಯೊ ತೆಗೆಯುವ ನನ್ನ ನಾದಿನಿ ಕಹ್ಕನ್ನೂ ಮದುಮಗಳಂತೆಯೇ ಎಲ್ಲ ಕೋನಗಳಿಂದ ತೆಗೆದಿದ್ದಳು. ಒಟ್ಟು ಒಂಬತ್ತು ಗಿಗಾಬೈಟ್. ಬೆಳಗ್ಗೆ ಒಂಬತ್ತಕ್ಕೇ ಶಹೀರಾ ಅವಸರ ಮಾಡಿದಳು.

“ಈಗಲೇ ಕಳಿಸಿಬಿಡಿ.”

“ಯಾಕೆ ಗಾಬರಿ? ನಮ್ಮ ಮನೆಯ ಇಂಟರ್‌ನೆಟ್ ಸೆಕೆಂಡಿಗೆ ಮೂವತ್ತು ಮೆಗಾ. ನಿನ್ನದು ಒಂಬತ್ತು ಗಿಗಾ, ಅಂದರೆ ಒಂಬತ್ತು ಸಾವಿರ ಮೆಗಾ. ಮೂವತ್ತರಿಂದ ಭಾಗಿಸು. ಮುನ್ನೂರು ಸೆಕೆಂಡು. ಅಂದರೆ ಐದೇ ನಿಮಿಷ!”

ಅಷ್ಟಕ್ಕೇ ಬಿಟ್ಟೆನೇ? ನಮ್ಮ ಎಕ್ಸ್‌ಚೇಂಜಿನ ಅಳತೆಗೂ ಇಳಿಸಿ ತೋರಿಸಿದೆ. “ಒಂದು ಎಕ್ಸ್‌ಚೇಂಜಿಂದ ಇನ್ನೊಂದಕ್ಕೆ ನಾವು ಎಳೀತಿದ್ದ ಲೈನಿಗೆ ಈ-ಒನ್ ಅಂತ ಹೆಸರು. ಅದರಲ್ಲಿ ಸೆಕೆಂಡಿಗೆ ಎರಡು ಮೆಗಾಬಿಟ್‌ಗಿಂತ ಚೂರು ಜಾಸ್ತಿ, ಒಟ್ಟಿಗೆ ಮೂವತ್ತು ಜನ ಮಾತಾಡಬಹುದು. ನಮ್ಮ ಮನೆಗೆ ಬಂದಿರೋದು ಹೆಚ್ಚುಕಮ್ಮಿ ಹದಿನೈದು ಈ-ಒನ್. ಈ ಗೋಡೆಯ ತೂತಿನಲ್ಲಿ ನಾನೂರಕ್ಕೂ ಹೆಚ್ಚು ಜನ ಒಟ್ಟಿಗೆ ಹರಟಬಹುದು, ತಿಳಿಯಿತಾ?”

“ಅಷ್ಟು ಮಾತಿಗೆ ನಿಮ್ಮಕ್ಕ ಒಬ್ಬರೇ ಸಾಕು. ಕಳಿಸ್ತೀರೋ ಇಲ್ವೋ?”

ಕಲಾವಿದನನ್ನು ಅವಸರಪಡಿಸಬಾರದು. ಪತ್ರಿಕೆ ಓದಿದೆ, ಒಂದು ನಿದ್ದೆ ತೆಗೆದೆ, ಹನ್ನೆರಡು ಹೊಡೆದ ಮೇಲೆ ಗುಂಡಿ ಒತ್ತಿದೆ. ಐದು ನಿಮಿಷವಾಯಿತು. ಪರದೆಯ ಮೇಲೆ ‘ಒಂದು ಶೇಕಡ’ ಎಂದು ಬಂತು.

“ಇದೇನ್ರೀ, ಒಂದು?”

ಆಗ ನನ್ನ ತಲೆಯಲ್ಲಿ ಗಂಟೆ ಹೊಡೆಯಿತು. ನಮ್ಮ ಕಸುಬಿನಲ್ಲಿ ಅಳೆಯುವುದೆಲ್ಲ ಬಿಟ್‌ಗಳಲ್ಲಿ. ಕಂಪ್ಯೂಟರಿನವರು ಎಂಟು ಬಿಟ್ ಸೇರಿಸಿ ಒಂದು ಬೈಟ್ ಅನ್ನುತ್ತಾರೆ. ಮೂವತ್ತು ಎಂಬುದು ಬಿಟ್, ಒಂಬತ್ತು ಸಾವಿರ ಎಂಬುದು ಬೈಟ್! ನಾನು ಎಂಟರಿಂದ ಗುಣಿಸುವುದನ್ನೇ ಮರೆತಿದ್ದೆ.

“ಏನಿಲ್ಲ, ಸಣ್ಣ ತಿದ್ದುಪಡಿ. ನಲವತ್ತು ನಿಮಿಷ” ಎಂದೆ, ಮುಖದ ಒಂದು ಗೆರೆಯೂ ಅಲ್ಲಾಡದಂತೆ.

ನಲವತ್ತು ನಿಮಿಷ ಕಳೆಯಿತು. ಹತ್ತು ಶೇಕಡ! ಉಪವಾಸದ ಬಾಯಿ ಇನ್ನಷ್ಟು ಒಣಗಿತು. ತಪ್ಪು ನನ್ನದಂತೂ ಇರಲಾರದು. ಹಾಗಾದರೆ ಪಕ್ಕದ ಮನೆಯ ಇನ್ಶಿರಾಹ್ ಅಬ್ಲಾದು, ಅಂದರೆ ಇನ್ಶಿರಾಹ್ ಅಕ್ಕನದು! ಗೋಡೆಯಾಚೆಯಿಂದ ಆಕೆಯೂ ನಮ್ಮ ಇಂಟರ್‌ನೆಟ್ಟನ್ನೇ ಬಳಸುತ್ತಾಳೆ, ನಾವೇ ಕೊಟ್ಟಿದ್ದು. ಆಕೆಯ ಫೋನನ್ನು ಅದರಿಂದ ಕಿತ್ತುಹಾಕಿದೆ. ಒಂದೇ ನಿಮಿಷದಲ್ಲಿ ಬಾಗಿಲು ದಬದಬ ಸದ್ದು ಮಾಡಿತು.

“ವಗ್ದಿ! ಧಾರಾವಾಹೀಲಿ ಅತ್ತೆಗೆ ಈಗ ತಾನೆ ವಿಷ ಕೊಟ್ಟಿದ್ರು! ಸತ್ತಳೋ ಬದುಕಿದಳೋ, ನನಗೆ ಹೇಳೋರ್ಯಾರು?”

“ಅಬ್ಲಾ, ಎರಡು ಗಂಟೆವರೆಗೆ ತಡ್ಕೊಳ್ಳಿ.”

“ವಿಷ ತಡ್ಕೊಳ್ಳುತ್ತಾ?”

ಆಕೆಯನ್ನು ಸಾಗಹಾಕಿ ಬಂದರೂ ಅಂಕಿ ಜಗ್ಗಲಿಲ್ಲ. ಕೊನೆಗೆ ಇಂಟರ್‌ನೆಟ್ ಸಂಪರ್ಕದ ಕಾಗದ ತೆಗೆದು ಕನ್ನಡಕ ಏರಿಸಿ ಓದಿದೆ. ನನ್ನ ಈ-ಒನ್ ಮಾನವಂತ ಲೈನು. ಬರುವ ಮಾತಿಗೂ ಹೋಗುವ ಮಾತಿಗೂ ಒಂದೇ ವೇಗ. ಮೂವತ್ತೊಂದು ವರ್ಷ ಅದನ್ನೇ ನಂಬಿ ಬದುಕಿದವನು ನಾನು. ಈ ಮನೆಯ ಲೈನಿನಲ್ಲೋ, ಒಳಕ್ಕೆ ಬರಲು ಮೂವತ್ತು, ಹೊರಕ್ಕೆ ಕಳಿಸಲು ಬರೀ ಮೂರು! ನಲವತ್ತು ನಿಮಿಷ ನಾನೂರು ನಿಮಿಷವಾಯಿತು. ವಿಡಿಯೊ ತಲುಪುವುದು ಸಂಜೆ ಆರೂಮುಕ್ಕಾಲಿಗೆ!

“ಏನಾಯ್ತು?” ಶಹೀರಾ ಕೇಳಿದಳು.

“ಯಂತ್ರ ಬಿಸಿಯಾಗಿದೆ. ಒಂದು ಸಲ ಆರಿಸಿ ಹಾಕಿದರೆ ಓಡುತ್ತೆ” ಎಂದು ಇಂಟರ್‌ನೆಟ್ ಡಬ್ಬಿಯ ತಂತಿ ಕಿತ್ತು ಮತ್ತೆ ಸಿಕ್ಕಿಸಿದೆ. ಓಡಿತು. ಸೊನ್ನೆಯಿಂದ!

ನಾನು ಸೊನ್ನೆಯನ್ನು ನೋಡಿದೆ. ಶಹೀರಾ ಸೊನ್ನೆಯನ್ನೂ ನನ್ನನ್ನೂ ನೋಡಿದಳು. ನಾದಿನಿ ಬಿಟ್ಟುಹೋಗಿದ್ದ ಕ್ಯಾಮೆರಾದಿಂದ ಉಗುರಿನಷ್ಟಗಲದ ಮೆಮೊರಿ ಕಾರ್ಡ್ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು, ತಲೆವಸ್ತ್ರ ಬಿಗಿದಳು, ಚಪ್ಪಲಿ ಮೆಟ್ಟಿದಳು. ಆಗ ಒಂದೂ ಇಪ್ಪತ್ತು. “ಟಿವಿ ಕಚೇರಿಗೆ ಟ್ರಾಮಿನಲ್ಲಾ? ಅದು ಆಮೆ ಕಣೇ!” ಎಂದು ನಾನು ಕೂಗುವಷ್ಟರಲ್ಲಿ ಮೆಟ್ಟಿಲು ಇಳಿದಾಗಿತ್ತು.

ಆ ಹೊತ್ತಿನಲ್ಲಿ ನಾನು ಪಟ್ಟ ಸಂಕಟ ಯಾವ ಅಳತೆಗೂ ಸಿಗುವಂಥದ್ದಲ್ಲ. ನನ್ನ ಜಂಬಕ್ಕೆ ಅವಳ ಕಹ್ಕ್ ಬಲಿಯಾಗುತ್ತದಲ್ಲಾ ಎಂದು ಕಿಟಕಿಗೂ ಫೋನಿಗೂ ನಡುವೆ ಓಡಾಡುತ್ತಲೇ ಇದ್ದೆ. ಒಂದೂ ನಲವತ್ತೈದಕ್ಕೆ ಫೋನ್ ಬಂತು.

“ನಲವತ್ತಕ್ಕೇ ಕೊಟ್ಟಾಯ್ತು. ನೋಡಿದ್ರು, ಒಪ್ಪಿದ್ರು. ಹಬ್ಬದ ದಿನ ಟಿವೀಲಿ ನಾನೇ! ರೀ, ಒಂಬತ್ತು ಗಿಗಾಬೈಟನ್ನ ಇಪ್ಪತ್ತು ನಿಮಿಷಕ್ಕೆ ತಂದೆ. ನಿಮ್ಮ ಎಕ್ಸ್‌ಚೇಂಜ್ ಲೆಕ್ಕದಲ್ಲಿ ಅದೆಷ್ಟು?”

ಈ ಸಲ ಎಂಟರಿಂದ ಗುಣಿಸಿದೆ, ಎರಡೆರಡು ಸಲ. ಸೆಕೆಂಡಿಗೆ ಅರವತ್ತು ಮೆಗಾಬಿಟ್! ನನ್ನ ಎದೆ ಉಬ್ಬಿತು. ಸೇವೆಯ ಉದ್ದಕ್ಕೂ ಇಷ್ಟು ಜೋರಿನ ಲೈನನ್ನು ನಾನೇ ಯಾರ ಮನೆಗೂ ಎಳೆದಿರಲಿಲ್ಲ.

“ಶಹೀರಾ, ನೀನೊಬ್ಬಳೇ ಇಪ್ಪತ್ತೊಂಬತ್ತು ಈ-ಒನ್ ಕಣೇ!” ಎಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿದೆ.

“ಅದು ಹೋಗೋ ವೇಗ, ಎಂಜಿನಿಯರ್ ಸಾಹೇಬರೇ. ಬರೋ ವೇಗ ಬೇರೆ. ಹೊಸ ಸೀರಿಯಲ್ ದೀಪ, ಹಬ್ಬದ ಬಟ್ಟೆ ಎಲ್ಲ ನೋಡ್ಕೊಂಡು ಬರೋ ಹೊತ್ತಿಗೆ ಇಫ್ತಾರ್ ಆಗುತ್ತೆ. ನಮ್ಮಣ್ಣಂದಿರ ಮನೆಯಿಂದ ಒಂಬತ್ತು ಜನ ಊಟಕ್ಕೆ ಬರ್ತಿದಾರೆ. ಬಾತುಕೋಳಿ ನೆನೆಸಿಟ್ಟಿದೀನಿ. ಐದೇ ನಿಮಿಷದ ಕೆಲಸ, ಬೇಯಿಸಿಡಿ!”