ಚೊಂಬಿನಲ್ಲಿದ್ದ ಮೀಸೆಯ ಮೀನು

ರಾದ್ಧಾಂತಕ್ಕೆಲ್ಲ ಕಾರಣ ಬೆರಳುದ್ದದ ಒಂದು ಮೀನು. ತಿನ್ನುವುದಿರಲಿ, ವಾಸನೆ ಬಂದರೂ ಬೀದಿ ಬದಲಿಸುವ ಮಹಾಲಿಂಗಯ್ಯ ಮೇಷ್ಟ್ರಿಗೆ ಆ ದಿನ ಜೀವಂತ ಮೀನೇ ಬೇಕಾಗಿತ್ತು. ಗುಬ್ಬಿಯ ಅವರ ಶಾಲೆಗೆ ಮಧ್ಯಾಹ್ನ ಹೊಸ ಇನ್ಸ್‌ಪೆಕ್ಟರು ಬರುವವರಿದ್ದರು. ಪಾಠ, ‘ಮೀನಿನ ಲಕ್ಷಣ ಮತ್ತು ವಾಸಸ್ಥಾನ’.

“ಜೀವ ಇರೋ ಮೀನು ತೋರಿಸಿ ಪಾಠ ಮಾಡಿ. ಇಲ್ದಿದ್ರೆ ದೂರದ ಹಾಗಲವಾಡಿಗೆ ಎತ್ತಿ ಹಾಕ್ತಾರೆ, ನೋಡ್ಕೊಳ್ಳಿ,” ಎಂದು ಹೆಡ್ಮಾಸ್ಟರು ಹೆದರಿಸಿದ್ದರು.

ಮೂರು ವರ್ಷ ಅಲೆದ ಮೇಲೆ ಹಿತ್ತಲಲ್ಲಿ ಬಾವಿ ಇರುವ ಬಾಡಿಗೆ ಮನೆ ಸಿಕ್ಕಿತ್ತು. ಹೆಂಡತಿ ಶಕುಂತಲೆಗೆ ಈಗ ಏಳು ತಿಂಗಳು. ವರ್ಗ ಎಂಬ ಮಾತು ಕೇಳಿದರೇ ಮೇಷ್ಟ್ರು ಎದ್ದು ಹೊರಗೆ ಹೋಗಿಬಿಡುತ್ತಿದ್ದರು.

ಬೆಳಗ್ಗೆಯೇ ಸೈಕಲ್ಲೇರಿ ಶಿಂಷಾ ಹೊಳೆಗೆ ಹೋದರು. ದಡದ ಗದ್ದೆಯ ಚಿಕ್ಕಬೋರಯ್ಯ ಮೇಷ್ಟ್ರನ್ನೂ ನೀರಿಗಿಳಿಸಿ, ಟವೆಲ್ಲಿನಲ್ಲಿ ಒಂದು ಮೀನು ಹಿಡಿದು, ಒಂದು ಹಿಡಿ ಮರಳಿನ ಸಮೇತ ಅವರ ಹಿತ್ತಾಳೆ ಚೊಂಬಿಗೆ ಬಿಟ್ಟ. ಮೈಮೇಲೆ ಕಂದು ಪಟ್ಟೆ, ಬಾಯಿಯ ಸುತ್ತ ಮೀಸೆ.

“ಹರಿಯೋ ನೀರಿನ ತಳದಾಗಿರ್ತದೆ ಸ್ವಾಮಿ. ಮರಳು ಮಾತ್ರ ಚೆಲ್ಬ್ಯಾಡಿ, ಯಾಕಂದ್ರೆ...”

ಯಾಕೆಂದು ಕೇಳುವ ವ್ಯವಧಾನ ಮೇಷ್ಟ್ರಿಗಿರಲಿಲ್ಲ. ಒದ್ದೆ ಪಂಚೆ ಬದಲಿಸಲು ಮನೆಗೆ ಓಡಿ ಬಂದರೆ, ಜಗಲಿಯ ಮೇಲೇ ಮನೆಯೊಡತಿ ಗಂಗಾಂಬಿಕೆ! ಮೊಟ್ಟೆಯ ಸಿಪ್ಪೆ ಕಂಡರೂ ಮನೆ ಖಾಲಿ ಮಾಡಿಸುತ್ತೇನೆಂದು ಮೊದಲ ದಿನವೇ ಹೇಳಿದ್ದವರು.

“ಏನ್ ಮೇಷ್ಟ್ರೇ, ಒದ್ದೆ ಬಟ್ಟೆ, ಹಣೆ ತುಂಬ ವಿಭೂತಿ, ಮುಚ್ಚಿದ ಚೊಂಬು... ಮಠದ ಗದ್ದುಗೆ ತೀರ್ಥನಾ?”

“ಹೂಂ,” ಎಂದಿತು ಬಾಯಿ, ಮೇಷ್ಟ್ರನ್ನು ಕೇಳದೆ.

“ಅಯ್ಯೋ, ಕೊಡಿ ಮತ್ತೆ! ಈಗ ತಾನೆ ಅಳಿಯಂದ್ರೂ ಬಂದವ್ರೆ!”

ನೋಡನೋಡುತ್ತಲೇ ಅರ್ಧ ಬೀದಿ ಅಂಗೈ ಒಡ್ಡಿ ನಿಂತಿತು. ಚೊಂಬನ್ನು ಯಾರ ಕೈಗೂ ಕೊಡದೆ, ಮೇಷ್ಟ್ರು ತಾವೇ ದೇವರಮನೆಯ ಉದ್ಧರಣೆ ಚಮಚದಲ್ಲಿ ಮೊಗೆದು ಅಂಗೈಗಳಿಗೆ ಬಿಟ್ಟರು. ಗಾಬರಿಯಲ್ಲಿ ಯಾರ ಮುಖವನ್ನೂ ನೋಡಲಿಲ್ಲ, ನೋಡಿದ್ದೆಲ್ಲ ಗಂಟಲುಗಳನ್ನೇ. ಸಣ್ಣ ಗಂಟಲು, ಸುಕ್ಕು ಗಂಟಲು, ನಿಂಬೆಹಣ್ಣು ನುಂಗಿದಂತೆ ಉಬ್ಬಿದ ಒಂದು ಗಂಟಲು. ಎಲ್ಲವೂ ಗುಟುಕ್ಕೆಂದವು.

ಪಕ್ಕದ ಮನೆಯ ಮುದುಕ ಚನ್ನವೀರಯ್ಯ ಕೆಮ್ಮತೊಡಗಿದರು.

“ಏನಾಯ್ತು? ಗಂಟಲಲ್ಲಿ ಮೀಸೆ ಏನಾದ್ರೂ...”

“ನಂಗೆಲ್ಲಿ ಮೀಸೆ ಮೇಷ್ಟ್ರೇ! ಬೋಳಿಸಿ ವರ್ಷ ಆಯ್ತು!”

ಎಲ್ಲರೂ ಹೋದ ಮೇಲೆ ಚೊಂಬಿನೊಳಗೆ ಇಣುಕಿದರು. ತಳದಲ್ಲಿ ಎರಡು ಗುಟುಕು ನೀರು, ಮರಳು. ಮೀನಿಲ್ಲ! ಯಾರು ಕುಡಿದರು? ಚನ್ನವೀರಯ್ಯನವರೇ? ನಿಂಬೆಹಣ್ಣಿನ ಗಂಟಲೇ? ಮನುಷ್ಯನ ಹೊಟ್ಟೆಯೂ ಮೀನಿನ ವಾಸಸ್ಥಾನವಾದರೆ ಪಾಠ ಹೇಗೆ ಹೇಳುವುದು? ಬೇರೆ ದಾರಿ ಕಾಣದೆ ಚೊಂಬಿಗೆ ನೀರು ತುಂಬಿಕೊಂಡು ಶಾಲೆಗೆ ನಡೆದರು.

ಮಧ್ಯಾಹ್ನ ಸಫಾರಿ ಸೂಟಿನ ಇನ್ಸ್‌ಪೆಕ್ಟರು ತರಗತಿಗೆ ಬಂದರು. ಮೇಷ್ಟ್ರಿಗೆ ಮುಖ ಗುರುತು ಸಿಗಲಿಲ್ಲ, ಗಂಟಲು ಸಿಕ್ಕಿತು. ನಿಂಬೆಹಣ್ಣು!

“ಎಲ್ರೀ ಮೀನು?”

“ಮೀನು... ತಮ್ಮಲ್ಲೇ... ಅಂದ್ರೆ, ಇಲ್ಲೇ ಇತ್ತು ಸಾರ್.”

ಇನ್ಸ್‌ಪೆಕ್ಟರು ಪೆನ್ಸಿಲಿನಿಂದ ಮರಳನ್ನು ಕೆದಕಿದರು. ಚಿಮ್ಮಿ ಮೇಲೆ ಬಂತು ಮೀಸೆಯ ಮೀನು! ಮಕ್ಕಳು ಹೋ ಎಂದರು.

“ಮರಳಲ್ಲಿ ಹುದುಗಿ ಬದುಕೋದೇ ಇದರ ಲಕ್ಷಣ, ಮಕ್ಕಳೇ!” ಎಂದು ಮೇಷ್ಟ್ರು ಹೋದ ಜೀವ ಬಂದಂತೆ ಕೂಗಿದರು.

ಇನ್ಸ್‌ಪೆಕ್ಟರು ಮಾತ್ರ ಮೀನನ್ನು ನೋಡಲಿಲ್ಲ. ಚೊಂಬನ್ನು ನೋಡಿದರು, ಮೇಷ್ಟ್ರನ್ನು ನೋಡಿದರು, ಗಂಟಲು ಸವರಿಕೊಂಡರು. ಆಮೇಲೆ ಮೇಷ್ಟ್ರನ್ನು ಹೊರಗೆ ಕರೆದರು.

“ಬೆಳಗಿನ ತೀರ್ಥದ ವಿಷ್ಯ ನಿಮ್ಮ ಮನೆಯೊಡತಿಗೆ, ಅಂದ್ರೆ ನಮ್ಮತ್ತೆಗೆ, ಗೊತ್ತಾಗ್ಬಾರ್ದು.”

“ಪ್ರಾಣ ಹೋದ್ರೂ ಹೇಳಲ್ಲ ಸಾರ್!”

“ಪಾಠ ಬಹಳ ಚೆನ್ನಾಗಿತ್ತು. ಹಾಗಂತಲೇ ಬರೀತೀನಿ.”

ಮೇಷ್ಟ್ರು ಕೈಮುಗಿದರು.

“ಆದ್ರೆ ನೀವು ಅದೇ ಮನೇಲಿದ್ರೆ ಒಂದಿನ ಬಾಯಿ ಬಿಟ್ಟೇ ಬಿಡ್ತೀರಿ. ಇಷ್ಟು ಚೆನ್ನಾಗಿ ಪಾಠ ಮಾಡೋರು ಹಾಗಲವಾಡಿಗೆ ಬೇಕಾಗವ್ರೆ. ಸೋಮವಾರನೇ ಹೊರಟುಬಿಡಿ.”

ಒಳಗೆ ಚೊಂಬಿನಲ್ಲಿ ಮೀನು ಮತ್ತೆ ಮರಳಿನಲ್ಲಿ ಮುಖ ಹುದುಗಿಸಿತು. ಶಕುಂತಲೆಗೆ ಸುದ್ದಿ ಹೇಳುವ ಮೊದಲು ತಮಗೂ ಒಂದಿಷ್ಟು ಮರಳು ಸಿಕ್ಕೀತೇ ಎಂದು ಮೇಷ್ಟ್ರು ಸುತ್ತಲೂ ನೋಡಿದರು.